ಚಿಮಣಿ ಒಳಗೆ ನೋಡೋದು ಯಾವುದರಿಂದ? ಕನ್ನಡಿ, ದಾರ, ಊದುಬತ್ತಿ

ಕಳೆದ ತಿಂಗಳ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಮಳೆ ನಿಂತ ಮೇಲೆ ಒಲೆ ಜೋರಾಗಿ ಹಚ್ಚುವ ಮೊದಲು ಚಿಮಣಿ ಒಳಗೆ ಒಮ್ಮೆ ನೋಡಿ ಅಂತ. ಅದಕ್ಕೆ ಬಂದ ಪತ್ರಗಳೆಲ್ಲ ಕೇಳುತ್ತಿರುವುದು ಒಂದೇ ಮಾತು. ನೋಡಿ ಅಂತೀರಿ, ಯಾವುದರಿಂದ ನೋಡೋದು? ಒಳಗೆ ಕತ್ತಲೆ, ತಲೆ ತೂರುವುದಿಲ್ಲ, ಮಾಡು ಹತ್ತಲು ಭಯ. ಕೇಳಿದ್ದು ಸರಿಯಾಗಿಯೇ ಇದೆ. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ. ಉತ್ತರ ಕರ್ನಾಟಕದ ಓದುಗರಿಗೆ ಒಂದು ಮಾತು: ನಿಮ್ಮ ಕಡೆ ಚಿಮಣಿ ಅಂದರೆ ಎಣ್ಣೆ ಬುಡ್ಡಿ ಅಂತ ನನಗೆ ಗೊತ್ತು, ನಾನಿಲ್ಲಿ ಹೇಳುತ್ತಿರುವುದು ಹೊಗೆ ಹೊರಗೆ ಹೋಗುವ ಕೊಳವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಅಸ್ತ್ರ ಒಲೆ ಇದೆ. ನಾಲ್ಕು ಇಂಚಿನ ಕೊಳವೆ, ಮಾಡಿನ ಮೇಲೆ ಹೋಗುತ್ತದೆ. ಈ ಮಳೆಗಾಲದಿಂದ ಹೊಗೆ ಅಡುಗೆಮನೆಗೇ ವಾಪಸ್ ಬರುತ್ತಿದೆ. ಒಬ್ಬರನ್ನು ಕರೆಸಿ ಹಗ್ಗಕ್ಕೆ ಬ್ರಶ್ ಕಟ್ಟಿ ಉಜ್ಜಿಸಿದೆವು. "ಎಲ್ಲಾ ಕ್ಲೀನ್ ಆಗಿದೆ" ಅಂದರು. ಆದರೂ ಹೊಗೆ ನಿಂತಿಲ್ಲ. ನಾವೇ ಪರೀಕ್ಷೆ ಮಾಡುವುದು ಹೇಗೆ?
— ತೀರ್ಥಹಳ್ಳಿ ಹತ್ತಿರದ ಓದುಗರು

ಬಂದವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರು ಉಜ್ಜಿದ ಜಾಗ ಕ್ಲೀನ್ ಆಗಿರಬಹುದು. ಆದರೆ ಅಸ್ತ್ರ ಒಲೆಯಲ್ಲಿ ಹೊಗೆಯ ದಾರಿ ನೆಟ್ಟಗಿನ ಕೊಳವೆ ಮಾತ್ರ ಅಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ಹಳ್ಳಿಗಳ ಕೆಲಸಕ್ಕೆಂದೇ ಶುರು ಮಾಡಿದ ತಂಡದ ಹೆಸರು ಅಸ್ತ್ರ. ಆ ತಂಡ ರೂಪಿಸಿದ ಈ ಒಲೆಯಲ್ಲಿ ಬೆಂಕಿ ಇರೋದು ಮೊದಲ ಪಾತ್ರೆಯ ಕೆಳಗೆ. ಬಿಸಿಗಾಳಿ ಅಲ್ಲಿಂದ ಎರಡನೇ ಪಾತ್ರೆ, ಮೂರನೇ ಪಾತ್ರೆ ಸುತ್ತಿಕೊಂಡು ಆಮೇಲೆ ಕೊಳವೆಗೆ ಹೋಗುತ್ತದೆ. ಅಂದರೆ ಅಡ್ಡಡ್ಡ ಹೋಗುವ ಒಂದು ಸುರಂಗ ಇದೆ. ಹಗ್ಗದ ಬ್ರಶ್ ಅಲ್ಲಿಗೆ ತಲುಪೋದೇ ಇಲ್ಲ. ಅಷ್ಟೇ ಅಲ್ಲ, ಮೇಲಿನಿಂದ ಉಜ್ಜಿದ ಮಸಿಯೆಲ್ಲ ಬಂದು ಬೀಳೋದು ಸರಿಯಾಗಿ ಆ ಸುರಂಗದ ಬಾಯಿಗೇ. ಅದನ್ನು ಎತ್ತದೆ ಬಿಟ್ಟರೆ ಉಜ್ಜಿದ ಮೇಲೆ ಹೊಗೆ ಮೊದಲಿಗಿಂತ ಜಾಸ್ತಿ ಆಗಬಹುದು.

ಈಗ ಪರೀಕ್ಷೆಗೆ ಬರೋಣ. ಒಲೆ ಆರಿ ಒಂದು ದಿನವಾದರೂ ಕಳೆದಿರಲಿ, ಬೂದಿಯಡಿ ಕೆಂಡ ತುಂಬ ಹೊತ್ತು ಬದುಕಿರುತ್ತದೆ. ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ.

ಮೊದಲು ಊದುಬತ್ತಿ. ಒಲೆ ತಣ್ಣಗಿರುವಾಗ, ಪಾತ್ರೆಗಳನ್ನು ಅವುಗಳ ಕುಳಿಯಲ್ಲಿ ಕೂರಿಸಿ, ಸೌದೆ ಹಾಕುವ ಬಾಯಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ನಿಧಾನವಾಗಿ ಒಳಗೆ ಬಾಗಬೇಕು. ನೆಟ್ಟಗೆ ಮೇಲೆ ಹೋದರೆ ಅಥವಾ ನಿಮ್ಮ ಮುಖದ ಕಡೆ ಬಂದರೆ ಎಳೆತ ಇಲ್ಲ ಎಂದರ್ಥ. ಅಷ್ಟಕ್ಕೇ ಕೊಳವೆ ಕಟ್ಟಿದೆ ಅಂತ ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ಕೊಳವೆಯೊಳಗೆ ತಣ್ಣನೆ ಗಾಳಿ ಕೂತಿರುತ್ತದೆ, ಅದು ಭಾರ, ಮೇಲೇಳುವುದಿಲ್ಲ. ಕೊಳವೆಯ ಬುಡಕ್ಕೆ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರ ಒಂದು ಹಾಳೆ ಪೇಪರ್ ಉರಿಸಿ. ಕೊಳವೆ ಬಿಸಿಯಾದ ಮೇಲೆ ಮತ್ತೆ ಊದುಬತ್ತಿ ಹಿಡಿಯಿರಿ. ಈಗ ಎಳೆದರೆ ತಣ್ಣನೆ ಗಾಳಿಯದೇ ತೊಂದರೆ, ದಿನಾ ಬೆಳಿಗ್ಗೆ ಒಂದು ಹಾಳೆ ಪೇಪರ್ ಉರಿಸಿ ಶುರು ಮಾಡಿದರೆ ಮುಗೀತು. ಆಗಲೂ ಎಳೆಯದಿದ್ದರೆ ಕಿಟಕಿ ತೆರೆದು ನೋಡಿ. ಕಿಟಕಿ ತೆರೆದ ಕೂಡಲೇ ಎಳೆಯಲು ಶುರುವಾದರೆ ಕೊಳವೆ ಸರಿ ಇದೆ, ಕೋಣೆಗೆ ಗಾಳಿ ಸಾಲುತ್ತಿಲ್ಲ. ಇತ್ತೀಚೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೀರಾ? ಅದನ್ನೂ ಒಮ್ಮೆ ಆಫ್ ಮಾಡಿ ನೋಡಿ. ಫ್ಯಾನು ಕೋಣೆಯ ಗಾಳಿಯನ್ನು ಹೊರಗೆ ಹಾಕುವಾಗ ಬದಲಿ ಗಾಳಿಯನ್ನು ಚಿಮಣಿಯಿಂದಲೇ ಒಳಗೆ ಎಳೆದುಕೊಳ್ಳುತ್ತದೆ, ಹೊಗೆ ಸಮೇತ. ಎಷ್ಟೋ ಮನೆಗಳಲ್ಲಿ ಪಾಪ ಒಲೆಯನ್ನೇ ಒಡೆದು ಹಾಕಿದ್ದಾರೆ, ತಪ್ಪು ಫ್ಯಾನಿನದಾಗಿತ್ತು.

ಎರಡನೆಯದು ಕನ್ನಡಿ. ಬಿಸಿಲಿರುವ ಹೊತ್ತು ಆರಿಸಿಕೊಳ್ಳಿ. ಕೊಳವೆಯ ಬುಡದಲ್ಲಿ ಮಸಿ ತೆಗೆಯುವ ಕಿಂಡಿ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಮೂರನೇ ಪಾತ್ರೆಯ ಕುಳಿಯಿಂದ ಕೈ ಹಾಕಿ, ಸಣ್ಣ ಕನ್ನಡಿಯನ್ನು ಓರೆಯಾಗಿ ಇಟ್ಟು ನೋಡಿ. ಬೈಕ್ ರಿಪೇರಿ ಅಂಗಡಿಯವರ ಹತ್ತಿರ ಉದ್ದ ಹಿಡಿಯ, ತಲೆ ತಿರುಗುವ ಪುಟ್ಟ ಕನ್ನಡಿ ಇರುತ್ತದೆ, ಅದು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಪೌಡರ್ ಡಬ್ಬಿಯ ಕನ್ನಡಿಯನ್ನು ಒಂದು ಕೋಲಿಗೆ ಟೇಪ್ ಸುತ್ತಿ. ಕೊಳವೆ ನೇರ ಇದ್ದರೆ ಕನ್ನಡಿಯಲ್ಲಿ ಆಕಾಶ ದುಂಡಗೆ, ಬೆಳ್ಳಗೆ ಕಾಣಬೇಕು. ಗ್ರಹಣ ಹಿಡಿದ ಚಂದ್ರನ ಹಾಗೆ ಒಂದು ಕಡೆ ತಿಂದುಹೋದಂತೆ ಕಂಡರೆ ಆ ಬದಿಯಲ್ಲಿ ಏನೋ ಕೂತಿದೆ, ಇಲ್ಲವೇ ಕೊಳವೆಯ ಜೋಡಣೆ ಜರುಗಿದೆ. ಏನೂ ಕಾಣದಿದ್ದರೆ ಪೂರ್ತಿ ಕಟ್ಟಿದೆ. ಮೇಲೆ ಟೋಪಿ ಮುಚ್ಚಿರುವ ಕೊಳವೆಯಾದರೆ ಆಕಾಶದ ಬದಲು ಬದಿಯಿಂದ ಬರುವ ಬೆಳಕಿನ ಬಳೆ ಮಾತ್ರ ಕಾಣುತ್ತದೆ, ಅದು ಸಹಜ. ನಡು ಮಧ್ಯಾಹ್ನ ಬೇಡ, ಸೂರ್ಯ ನೇರ ಕನ್ನಡಿಗೆ ಬಿದ್ದರೆ ಕಣ್ಣಿಗೆ ಅಪಾಯ.

ಮೂರನೆಯದು ದಾರ, ನನಗೆ ಬಹಳ ಇಷ್ಟವಾದದ್ದು. ಗಾರೆ ಕೆಲಸದವರ ತೂಗುಗುಂಡು ಸಿಕ್ಕರೆ ಸರಿ, ಇಲ್ಲದಿದ್ದರೆ ಒಂದು ದಪ್ಪ ಬೋಲ್ಟು. ಗಟ್ಟಿ ದಾರಕ್ಕೆ ಅಡಿಗೊಂದು ಗಂಟು ಹಾಕಿ. ಬೋಲ್ಟಿನ ಮೇಲೆ ಬಿಳಿ ಬಟ್ಟೆ ಸುತ್ತಿ, ಕೊಳವೆಗಿಂತ ಸ್ವಲ್ಪ ಸಣ್ಣ ಉಂಡೆ ಮಾಡಿ. ನಿಮ್ಮದು ನಾಲ್ಕು ಇಂಚು ಅಂದಿದ್ದೀರಿ, ಉಂಡೆ ಮೂರು ಇಂಚು ಇರಲಿ. ಮೇಲಿನಿಂದ ಇಳಿಸುತ್ತಾ ಗಂಟು ಎಣಿಸಿ. ಹೊರಗಿನಿಂದ ಅಳೆದರೆ ಕೊಳವೆ 12 ಅಡಿ ಇದ್ದು, ಉಂಡೆ 9ನೇ ಗಂಟಿಗೆ ನಿಂತರೆ ಕಟ್ಟಿರುವುದು ಬುಡದಿಂದ 3 ಅಡಿ ಮೇಲೆ ಅಂತ ಲೆಕ್ಕ ಸಿಕ್ಕಿತು. ಇನ್ನು ಕೊಳವೆ ಪೂರ್ತಿ ಬಿಚ್ಚುವ ಅಗತ್ಯ ಇಲ್ಲ. ಉಂಡೆ ಮೇಲೆ ಎಳೆದ ಮೇಲೆ ಬಟ್ಟೆ ನೋಡಿ. ಒಣ ಕಪ್ಪು ಪುಡಿ ಅಂಟಿದ್ದರೆ ಅದು ಮಾಮೂಲಿ ಮಸಿ. ಡಾಂಬರಿನ ಹಾಗೆ ಜಿಗುಟು ಇದ್ದರೆ ಹಸಿ ಸೌದೆ ಉರಿಸುತ್ತಿದ್ದೀರಿ. ಕೆಂಪು ಮಣ್ಣು ಅಂಟಿದ್ದರೆ ಕಣಜ ಗೂಡು ಕಟ್ಟಿದೆ, ಅಥವಾ ಒಳಗೆ ಮಣ್ಣಿನ ಗಿಲಾವು ಉದುರುತ್ತಿದೆ.

ನಾನೂ ಒಮ್ಮೆ ಇದರಲ್ಲಿ ತಪ್ಪಿದ್ದೇನೆ. ಒಂದು ಮನೆಯಲ್ಲಿ ಕೆಳಗಿನಿಂದ ಟಾರ್ಚ್ ಹಾಕಿ ನೋಡಿ, ಮೇಲೆ ಬೆಳಕು ಕಾಣುತ್ತದೆ, ಸರಿ ಇದೆ ಅಂತ ಹೇಳಿ ಬಂದೆ. ತಿಂಗಳಾದ ಮೇಲೆ ಮಾಡಿಗೆ ಹಂಚು ಕೈಯಾಡಿಸಲು ಹತ್ತಿದವರು ನೋಡಿದರೆ ಟೋಪಿಯ ಅಡಿ ಮುಕ್ಕಾಲು ಪಾಲು ಹಕ್ಕಿಗೂಡಿನ ಕಸ. ಉಳಿದ ಕಾಲು ಪಾಲಿನ ಬೆಳಕನ್ನೇ ನಾನು ಕಂಡಿದ್ದು. ಒಂದು ತಿಂಗಳು ಆ ಮನೆಯ ಅಜ್ಜಿ ಕೆಮ್ಮುತ್ತಾ ಅಡುಗೆ ಮಾಡಿದರು. ಅದು ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ. ಅಂದಿನಿಂದ ಕೆಳಗಿನಿಂದಲೂ ನೋಡದೆ, ಮೇಲಿನಿಂದಲೂ ನೋಡದೆ ಯಾವ ಚಿಮಣಿಗೂ ಸರಿ ಇದೆ ಅಂದಿಲ್ಲ.

ನಿಮ್ಮ ಮನೆಯಲ್ಲಿ ನನ್ನ ಅನುಮಾನ ಇರೋದು ಮೂರನೇ ಪಾತ್ರೆಯ ಹಿಂದಿನ ಸುರಂಗದ ಮೇಲೆ. ಅಲ್ಲಿಂದಲೇ ಶುರು ಮಾಡಿ. ಒಂದು ಎಚ್ಚರಿಕೆ: ಹಳೆಯ ಒಲೆಗಳಿಗೆ ಸಿಮೆಂಟ್ ಬಣ್ಣದ ಆಸ್ಬೆಸ್ಟಾಸ್ ಕೊಳವೆ ಹಾಕಿದ್ದು ಬಹಳ. ಅದನ್ನು ಕೊಯ್ಯಬೇಡಿ, ತೂತು ಕೊರೆಯಬೇಡಿ, ಒಣಗಿರುವಾಗ ತಂತಿ ಬ್ರಶ್ಶಿನಿಂದ ಕೆರೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಿರುಕು ಬಿಟ್ಟಿದ್ದರೆ ನೀರು ಚಿಮುಕಿಸಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿ ಬೇರೆ ಹಾಕಿಸಿ.

ಪ್ರಶ್ನೆ: ನಮ್ಮದು ಹಳೆಯ ಬಂಗಲೆ, ಹೋಂಸ್ಟೇ ನಡೆಸುತ್ತೇವೆ. ಇಟ್ಟಿಗೆಯ ಬೆಂಕಿಗೂಡು ಇದೆ, ಚಳಿಗಾಲದಲ್ಲಿ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಮೊಬೈಲಿಗೆ ಜೋಡಿಸುವ ವೈರ್ ಕ್ಯಾಮೆರಾ ಕೊಂಡರೆ ಸಾಕಾ?
— ಮಡಿಕೇರಿ ಓದುಗರು

ಕೊಳ್ಳಿ, ಆದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಅಂತ ತಿಳಿದು ಕೊಳ್ಳಿ. ಒಂದು ಉದ್ದ ವೈರು, ತುದಿಯಲ್ಲಿ ಬೆರಳಿಗಿಂತ ಸಣ್ಣ ಕ್ಯಾಮೆರಾ, ಸುತ್ತ ಪುಟ್ಟ ಎಲ್‌ಇಡಿ ದೀಪ. ಇದನ್ನು ಮಾಡಿರುವುದು ಇಂಜಿನ್ ಒಳಗೆ, ನೀರಿನ ಪೈಪಿನ ಒಳಗೆ ನೋಡಲು. ಕೆಲವೇ ಇಂಚು ದೂರದವರೆಗೆ ಚೆನ್ನಾಗಿ ಕಾಣುತ್ತದೆ. ನಿಮ್ಮ ಬಂಗಲೆಯ ಚಿಮಣಿ ಒಳಗೆ ಅಡಿಗಟ್ಟಲೆ ಅಗಲ ಇರುತ್ತದೆ, ಮೇಲಾಗಿ ಮಸಿ ಬೆಳಕನ್ನೆಲ್ಲ ನುಂಗುತ್ತದೆ. ಸುಮ್ನೆ ಇಳಿಸಿದರೆ ಪರದೆಯಲ್ಲಿ ಬರೀ ಕಪ್ಪು. ಅದಕ್ಕೆ ಎಲೆಕ್ಟ್ರಿಕಲ್ ಕೆಲಸಕ್ಕೆ ಬಳಸುವ ಪಿವಿಸಿ ಪೈಪಿಗೆ ಕ್ಯಾಮೆರಾ ಕಟ್ಟಿ, ಅದರ ಪಕ್ಕ ಒಂದು ಜೋರಾದ ಟಾರ್ಚ್ ಕಟ್ಟಿ, ಪೈಪನ್ನು ಗೋಡೆಯ ಹತ್ತಿರ ಹತ್ತಿರವೇ ಒಯ್ಯಿರಿ. ಪೈಪಿನ ಮೇಲೆ ಅಡಿ ಅಡಿಗೆ ಬಣ್ಣದ ಗುರುತು ಹಾಕಿ, ಎಷ್ಟನೇ ಅಡಿ ಅಂತ ಬಾಯಲ್ಲಿ ಹೇಳುತ್ತಾ ವಿಡಿಯೋ ಮಾಡಿ. ಇಲ್ಲದಿದ್ದರೆ ಬಿರುಕು ಕಂಡೀತು, ಎಲ್ಲಿದೆ ಅಂತ ಆಮೇಲೆ ಹೇಳಲು ಬರುವುದಿಲ್ಲ. ಇನ್ನೊಂದು ಮಾತು, ಕ್ಯಾಮೆರಾ ಹತ್ತಿರ ಹೋದಾಗ ಕೂದಲೆಳೆ ಬಿರುಕೂ ಕಂದಕದ ಹಾಗೆ ಕಾಣುತ್ತದೆ. ಕ್ಯಾಮೆರಾದ ಮುಂದೆ ಒಂದು ಬೆಂಕಿಕಡ್ಡಿ ಕಾಣುವಂತೆ ಅಂಟಿಸಿಕೊಂಡರೆ ಅಳತೆಗೆ ಅದೇ ಆಧಾರ.

ಆದರೆ ಕ್ಯಾಮೆರಾಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ. ಬೆಂಕಿಗೂಡಿನ ಮೇಲೆ ಹೊಗೆ ಮುಚ್ಚುವ ತಗಡಿನ ಬಾಗಿಲು ಇರುತ್ತದಲ್ಲ, ಅದರ ಹಿಂದೆ ಒಂದು ಚಾಚು ಇರುತ್ತದೆ. ಕೆಳಗೆ ನಿಂತು ನೋಡುವವರಿಗೆ ಅದು ಕಾಣುವುದೇ ಇಲ್ಲ. ಬಿದ್ದ ಮಸಿ, ಎಲೆ, ಇಟ್ಟಿಗೆ ಚೂರು, ಸತ್ತ ಹಕ್ಕಿ ಎಲ್ಲ ಕೂರೋದು ಅಲ್ಲಿ. ಉದ್ದ ಹಿಡಿಯ ಕನ್ನಡಿ ಮತ್ತು ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡು ನಿಮಿಷದ ಕೆಲಸ. ಮಣ್ಣಿನ ಹಂಚಿನಂಥ ತೆಳು ಚೂರುಗಳು ಸಿಕ್ಕರೆ ಒಳಗಿನ ಲೈನಿಂಗ್ ಉದುರುತ್ತಿದೆ ಎಂದರ್ಥ. ಆಗ ಬೆಂಕಿ ಹಾಕುವುದನ್ನು ಅವತ್ತೇ ನಿಲ್ಲಿಸಿ.

ಆಮೇಲೆ ಮಸಿ ಎಷ್ಟು ದಪ್ಪ ಅಂತ ನೋಡಬೇಕು. ಕಣ್ಣಂದಾಜು ಬೇಡ. ಒಂದು ಸ್ಟೀಲ್ ಸ್ಕೇಲಿನ ತುದಿಯಿಂದ ಗೋಡೆಯವರೆಗೆ ಗೀರಿ. ಮಸಿ 3 ಮಿಲಿಮೀಟರ್ ದಪ್ಪ ಆಗಿದ್ದರೆ ಉಜ್ಜಿಸದೆ ಬೆಂಕಿ ಹಾಕಬಾರದು. ದಪ್ಪಕ್ಕಿಂತಲೂ ಜಾತಿ ಮುಖ್ಯ. ಪುಡಿಯಾಗಿ ಉದುರಿದರೆ ಬ್ರಶ್ ಸಾಕು. ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಗಟ್ಟಿ ತಂತಿ ಬ್ರಶ್ ಬೇಕು. ಸ್ಕೇಲು ಜಾರಿ, ಕಪ್ಪು ಗಾಜಿನ ಹಾಗೆ ಮಿರಮಿರ ಮಿಂಚಿದರೆ ಅದು ಕ್ರಿಯೋಸೋಟ್, ಅಂದರೆ ಹೊಗೆಯಿಂದ ಕೂತ ಡಾಂಬರಿನಂಥ ಜಿಗುಟು, ಗಟ್ಟಿಯಾದದ್ದು. ಹಸಿ ಸೌದೆಯ ಹೊಗೆ ತಣ್ಣನೆ ಗೋಡೆಗೆ ತಾಗಿ ಹಾಗಾಗುತ್ತದೆ. ಅದು ಬ್ರಶ್ಶಿಗೆ ಬರುವುದಿಲ್ಲ, ಒಮ್ಮೆ ಹೊತ್ತಿಕೊಂಡರೆ ಚಿಮಣಿಯೊಳಗಿನ ಶಾಖ 1,000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಇಟ್ಟಿಗೆ ಸೀಳುತ್ತದೆ, ಅಟ್ಟದ ಮರ ಹೊತ್ತುತ್ತದೆ. ಅಂಥ ಬೆಂಕಿ ಬಿದ್ದಾಗ ಗುಡುಗಿನಂತೆ ಮೊರೆತ ಕೇಳುತ್ತದೆ. ಆಗ ಮೇಲಿನಿಂದ ನೀರು ಸುರಿಯಬೇಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಕೊಡಗಿನ ಮಳೆಯಲ್ಲಿ ಸೌದೆ ಒಣಗಿಸುವ ಕಷ್ಟ ನನಗೆ ಗೊತ್ತು. ಸಿಲ್ವರ್ ಓಕ್ ಕಡಿದು ರಾಶಿ ಹಾಕಿ ಟಾರ್ಪಲ್ ಮುಚ್ಚಿದರೆ ಅದು ಒಣಗುವುದಿಲ್ಲ, ಬೆವರುತ್ತದೆ. ಮೇಲೆ ಮಾತ್ರ ಮುಚ್ಚಿ, ಬದಿಗಳನ್ನು ಗಾಳಿಗೆ ಬಿಡಿ. ಸೌದೆಯಲ್ಲಿ ನೀರಿನಂಶ ಶೇಕಡ 20ಕ್ಕಿಂತ ಕಡಿಮೆ ಇರಬೇಕು. ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಸೌದೆ ಸೀಳಿ ಒಳಮೈಗೆ ಚುಚ್ಚಿ ನೋಡಬೇಕು, ಹೊರಗಿನ ತೊಗಟೆಗಲ್ಲ. ಮೀಟರ್ ಬೇಡ ಅಂದರೆ ಒಂದು ತುಂಡಿಗೆ ಗುರುತು ಹಾಕಿ ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ಬಿಸಿಲಿನ ದಿನಗಳಲ್ಲೂ ತೂಕ ಇಳಿಯುವುದು ನಿಂತಾಗ ಒಣಗಿದೆ ಅಂತ ತಿಳಿಯಿರಿ.

ಅಟ್ಟ ಮರೆಯಬೇಡಿ. ಬೆಂಕಿ ಹಾಕಿ ಎರಡು ಗಂಟೆ ಆದ ಮೇಲೆ ಅಟ್ಟಕ್ಕೆ ಹತ್ತಿ, ಚಿಮಣಿಯ ಪಕ್ಕದ ತೊಲೆಗಳ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಜ್ವರ ನೋಡುವ ಗನ್ ಆಗುವುದಿಲ್ಲ, ಅದರ ಅಳತೆ ಮೈ ಬಿಸಿಗೆ ಮಾತ್ರ. ಕಾರ್ಖಾನೆಗಳಲ್ಲಿ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಲೆಕ್ಕ ಬರೆದಿಡಬಹುದು. ಅಮೆರಿಕದ ಅಗ್ನಿ ಸುರಕ್ಷತಾ ಸಂಘದ ಎನ್‌ಎಫ್‌ಪಿಎ 211 ಎಂಬ ಮಾನದಂಡದ ಪ್ರಕಾರ ಮನೆಯೊಳಗಿನ ಇಟ್ಟಿಗೆ ಚಿಮಣಿಗೂ ಮರಕ್ಕೂ ನಡುವೆ 2 ಇಂಚು ಜಾಗ ಇರಬೇಕು. ನಮ್ಮ ಹಳೆಯ ಬಂಗಲೆಗಳಲ್ಲಿ ತೊಲೆಯನ್ನು ಚಿಮಣಿಯೊಳಗೇ ಊರಿದ್ದನ್ನು ನಾನು ಕಂಡಿದ್ದೇನೆ. ಅಂಥದ್ದು ಕಂಡರೆ ಅತಿಥಿಗಳಿಗೆ ಕಂಬಳಿ ಕೊಡಿ, ಬೆಂಕಿ ಬೇಡ.

ಪ್ರಶ್ನೆ: ಇಲ್ಲಿ ಹಳೆಯ ಮನೆ ಕೊಳ್ಳುತ್ತಿದ್ದೇವೆ. ಮನೆ ಪರೀಕ್ಷೆಗೆ ಬಂದವರು "ಚಿಮಣಿ ನೋಡಲು ಚೆನ್ನಾಗಿದೆ" ಅಂತ ಬರೆದಿದ್ದಾರೆ. ಅಷ್ಟು ಸಾಕೇ?
— ನ್ಯೂಜೆರ್ಸಿಯ ಕನ್ನಡ ಓದುಗರು

ಸಾಲದು. ಮನೆ ಪೂರ್ತಿ ನೋಡಲು ಬಂದವರು ಚಿಮಣಿಯನ್ನು ಸಾಮಾನ್ಯವಾಗಿ ಹೊರಗಿನಿಂದ ನೋಡುತ್ತಾರೆ ಅಷ್ಟೇ. ಮೇಲೆ ಹೇಳಿದ ಅದೇ ಮಾನದಂಡದಲ್ಲಿ ತಪಾಸಣೆಗೆ ಮೂರು ಹಂತ ಇದೆ. ಮನೆ ಕೈ ಬದಲಾಗುವಾಗ ಎರಡನೇ ಹಂತದ್ದು ಆಗಬೇಕು, ಅಂದರೆ ಕ್ಯಾಮೆರಾ ಒಳಗೆ ಇಳಿಸಿ ಒಳಗೋಡೆ ನೋಡುವುದು, ಅಟ್ಟ ಮತ್ತು ನೆಲಮಾಳಿಗೆಯಲ್ಲಿ ಕೈಗೆ ಸಿಗುವ ಭಾಗ ನೋಡುವುದು. ಅದನ್ನು ಹೆಸರು ಹಿಡಿದೇ ಕೇಳಿ, ವಿಡಿಯೋ ಕೇಳಿ ಇಟ್ಟುಕೊಳ್ಳಿ. ನೀವಾಗಿ ಮಾಡಬಹುದಾದದ್ದು, ಒಂದು ಬೈನಾಕ್ಯುಲರ್ ಹಿಡಿದು ರಸ್ತೆಯಿಂದಲೇ ಚಿಮಣಿಯ ತಲೆ ನೋಡುವುದು: ಟೋಪಿ ಇದೆಯಾ, ಮೇಲಿನ ಸಿಮೆಂಟ್ ಒಡೆದಿದೆಯಾ, ಇಟ್ಟಿಗೆ ಮೇಲೆ ಬಿಳಿ ಉಪ್ಪಿನ ಕಲೆ ಇದೆಯಾ. ಬಿಳಿ ಕಲೆ ಇದ್ದರೆ ನೀರು ಒಳಗೆ ಇಳಿಯುತ್ತಿದೆ. ಬೇಸಿಗೆಯಲ್ಲಿ ಒಳಗೆ ಚಿಲಿಪಿಲಿ ಕೇಳಿದರೆ ಅದು ಚಿಮಣಿ ಸ್ವಿಫ್ಟ್ ಎಂಬ ಹಕ್ಕಿ ಇರಬಹುದು, ಅಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಮರಿಗಳು ಹಾರಿಹೋಗುವವರೆಗೆ ಗೂಡು ಮುಟ್ಟಬಾರದು.

ಪ್ರಶ್ನೆ: ನಮ್ಮ ಆಲೆಮನೆಯ ಇಟ್ಟಿಗೆ ಚಿಮಣಿ ಸ್ವಲ್ಪ ವಾಲಿದ ಹಾಗೆ ಕಾಣುತ್ತಿದೆ, ಬಿರುಕೂ ಇದೆ. ಒಳಗೆ ನೋಡಲು ಒಬ್ಬ ಸಣ್ಣ ಹುಡುಗನನ್ನು ಇಳಿಸೋಣ ಅಂತ ನಮ್ಮ ಕೆಲಸದವರು ಹೇಳುತ್ತಿದ್ದಾರೆ. ಏನಂತೀರಿ?
— ಮಂಡ್ಯ ಓದುಗರು

ದಯವಿಟ್ಟು ಬೇಡ. ಯಾರನ್ನೂ ಇಳಿಸಬೇಡಿ, ಹುಡುಗನನ್ನಂತೂ ಖಂಡಿತ ಬೇಡ. ಇಂಗ್ಲೆಂಡಿನಲ್ಲಿ ನೂರಾರು ವರ್ಷ ಪುಟ್ಟ ಮಕ್ಕಳನ್ನು ಚಿಮಣಿಗೆ ಹತ್ತಿಸಿದರು. ಅವರಲ್ಲಿ ಎಷ್ಟೋ ಮಕ್ಕಳು ಒಳಗೇ ಸಿಕ್ಕಿಕೊಂಡು, ಉಸಿರುಗಟ್ಟಿ ಸತ್ತರು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಕೆಲಸದವರಿಗೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಅಂತ ಬರೆದ. ಆ ಮೇಲೂ ಮಕ್ಕಳನ್ನು ಹತ್ತಿಸುವುದು ಪೂರ್ತಿ ನಿಲ್ಲಲು ಸರಿಯಾಗಿ ನೂರು ವರ್ಷ ಬೇಕಾಯಿತು, 1875ರ ಕಾಯ್ದೆ ಬಂದ ಮೇಲೆ. ಅಷ್ಟು ಮಕ್ಕಳ ಜೀವ ಹೋದ ಮೇಲೆ ಕಲಿತ ಪಾಠವನ್ನು ನಾವು ಮತ್ತೆ ನಮ್ಮ ಮಕ್ಕಳ ಮೇಲೆ ಕಲಿಯುವುದು ಬೇಡ. ಅದೂ ಅಲ್ಲದೆ ವಾಲಿದ ಗೋಡೆಯೊಳಗೆ!

ವಾಲಿದೆಯೋ ಇಲ್ಲವೋ ಅಂತ ನೆಲದ ಮೇಲೆ ನಿಂತೇ ಹೇಳಬಹುದು. ಗಾಳಿ ಇಲ್ಲದ ಬೆಳಿಗ್ಗೆ ಚಿಮಣಿಯಿಂದ ಸಾಕಷ್ಟು ದೂರ ನಿಲ್ಲಿ. ತೂಗುಗುಂಡಿನ ದಾರವನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ದಾರವನ್ನು ಚಿಮಣಿಯ ಅಂಚಿಗೆ ಹೊಂದಿಸಿ. ಅಂಚು ದಾರದ ಜೊತೆ ಹೋಗುತ್ತದೋ, ದೂರ ಸರಿಯುತ್ತದೋ ನೋಡಿ. ಮೇಲೆ ಹೋಗುತ್ತಾ ಸಣ್ಣದಾಗುವ ಚಿಮಣಿಯಾದರೆ ಎಡ ಅಂಚು, ಬಲ ಅಂಚು ಎರಡನ್ನೂ ನೋಡಿ, ಎರಡೂ ಸಮನಾಗಿ ಒಳಗೆ ಬಾಗಿರಬೇಕು. ಆಮೇಲೆ ಕಾಲು ಸುತ್ತು ಬಂದು ಇನ್ನೊಂದು ದಿಕ್ಕಿನಿಂದ ಹಾಗೇ ನೋಡಿ. ಒಂದೇ ದಿಕ್ಕಿನಿಂದ ನೋಡಿದರೆ ನಿಮ್ಮ ಕಡೆಗೇ ವಾಲಿದ್ದು ಗೊತ್ತಾಗುವುದಿಲ್ಲ. ಎರಡೂ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ದಾರವೂ ಫೋಟೋದಲ್ಲಿ ಬರಲಿ. ನಿಂತ ಜಾಗಕ್ಕೆ ಒಂದು ಗೂಟ ಹೊಡೆದಿಟ್ಟರೆ ಮುಂದಿನ ತಿಂಗಳು ಅಲ್ಲೇ ನಿಂತು ಹೋಲಿಸಬಹುದು.

ಬಿರುಕು ಹಳೆಯದೋ, ಬೆಳೆಯುತ್ತಿದೆಯೋ ಅನ್ನುವುದು ಇನ್ನೂ ಮುಖ್ಯ. ಬಿರುಕಿನ ಅಡ್ಡಕ್ಕೆ ಅಂಗೈ ಅಗಲದಷ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳುವಾಗಿ ಬಳಿದು ತಾರೀಕು ಬರೆಯಿರಿ. ಗೋಡೆ ಸರಿಯುತ್ತಿದ್ದರೆ ಅದೂ ಸೀಳುತ್ತದೆ. ಕೊಪ್ಪರಿಗೆಯ ಬೆಂಕಿಗೆ ಹತ್ತಿರವಿರುವ ಬುಡದಲ್ಲಿ ಇದನ್ನು ನಂಬಬೇಡಿ, ಬರೀ ಶಾಖಕ್ಕೇ ಒಡೆಯುತ್ತದೆ. ಅಲ್ಲಿ ಬಿರುಕಿನ ಎರಡೂ ಬದಿಗೆ ಒಂದೊಂದು ಗೀರು ಕೊರೆದು, ನಡುವಿನ ದೂರವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ. ಪ್ರತಿ ಸಲವೂ ಒಲೆ ತಣ್ಣಗಿರುವಾಗಲೇ ಅಳೆಯಿರಿ, ಬಿಸಿಯಲ್ಲಿ ಬಿರುಕು ಹಿಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ವಾರಕ್ಕೊಮ್ಮೆ ಅಳೆದಂತೆ ದೂರ ಜಾಸ್ತಿ ಆಗುತ್ತಾ ಹೋದರೆ ಗಾಣ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡಿ, ಇಂಜಿನಿಯರ್ ಕರೆಸಿ. ಒಳಗೆ ನೋಡಲೇಬೇಕಿದ್ದರೆ ಬುಡದ ಬೂದಿ ಕಿಂಡಿಯಿಂದ ಕನ್ನಡಿ ಹಾಕಿ ನೋಡಿ. ಕಬ್ಬಿನ ಸಿಪ್ಪೆ ಉರಿಸುವ ಒಲೆಯಲ್ಲಿ ಹಗುರ ಬೂದಿ ಅಲ್ಲಿ ಬಹಳ ಕೂರುತ್ತದೆ.

ಪ್ರಶ್ನೆ: ಅಡುಗೆಮನೆಯ ಕರೆಂಟ್ ಚಿಮಣಿ ಹೊಗೆ ಎಳೆಯುತ್ತಿಲ್ಲ. ಸರ್ವೀಸಿನವರು ಮೋಟಾರ್ ಬದಲಿಸಬೇಕು ಅಂತಾರೆ. ನಿಜ ಇರಬಹುದಾ?
— ಬೆಂಗಳೂರು ಓದುಗರು

ಮೋಟಾರಿಗೆ ದುಡ್ಡು ಕೊಡುವ ಮೊದಲು ಒಂದು ಟಿಶ್ಯೂ ಪೇಪರ್ ಹಿಡಿಯಿರಿ. ಫಿಲ್ಟರಿಗೆ ಹಿಡಿದರೆ ಅಂಟಿಕೊಳ್ಳಬೇಕು. ಅಂಟದಿದ್ದರೆ ಫಿಲ್ಟರ್ ತೆಗೆದಿಟ್ಟು ನೋಡಿ. ಈಗ ಎಳೆದರೆ ಜಿಡ್ಡು ತುಂಬಿರುವುದು ಫಿಲ್ಟರಿನಲ್ಲಿ. ಪೇಪರ್ ಒಳಗೆ ಹೋಗದಂತೆ ಗಟ್ಟಿಯಾಗಿ ಹಿಡಿಯಿರಿ. ಆಗಲೂ ಎಳೆಯದಿದ್ದರೆ ಹೊರಗಿನ ಬಾಯಿಗೆ ಹೋಗಿ, ಚಿಮಣಿ ಆನ್ ಮಾಡಿಸಿ, ಮುಚ್ಚಳ ತೆರೆಯುತ್ತದಾ ನೋಡಿ. ಪಾರಿವಾಳದ ಗೂಡಿಗೋ ಜಿಡ್ಡಿಗೋ ಅದು ಅಂಟಿಕೊಂಡಿರುವುದು ಬಹಳ ಸಾಮಾನ್ಯ. ಆಮೇಲೆ ಪ್ಲಗ್ ಕಿತ್ತು, ಪೈಪ್ ಬಿಚ್ಚಿ, ಮೊಬೈಲ್ ಟಾರ್ಚಿನಲ್ಲಿ ಒಳಗಿನ ವಿಡಿಯೋ ತೆಗೆಯಿರಿ. ಮಡಿಚುವ ಅಲ್ಯುಮಿನಿಯಂ ಪೈಪಿನ ಸುಕ್ಕುಗಳಲ್ಲಿ ಎಣ್ಣೆ ನಿಂತಿದ್ದರೆ ಪೈಪ್ ಬದಲಿಸಿ, ಅದು ಬೆಂಕಿಗೆ ತಾನೇ ಕರೆ ಕೊಟ್ಟ ಹಾಗೆ. ಇಷ್ಟೆಲ್ಲ ಸರಿ ಇದ್ದರೆ ಮೋಟಾರ್ ಮಾತು.

ಪ್ರಶ್ನೆ: ಬಚ್ಚಲಿನ ಗ್ಯಾಸ್ ಗೀಸರ್ ಹೊಗೆಯನ್ನೂ ಊದುಬತ್ತಿಯಿಂದ ಪರೀಕ್ಷೆ ಮಾಡಬಹುದೇ?
— ಹುಬ್ಬಳ್ಳಿ ಓದುಗರು

ಇಲ್ಲ. ಊದುಬತ್ತಿ ಗಾಳಿ ಎತ್ತ ಹೋಗುತ್ತಿದೆ ಅಂತ ಹೇಳುತ್ತದೆ, ವಿಷ ಇದೆಯೋ ಇಲ್ಲವೋ ಹೇಳುವುದಿಲ್ಲ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗಿ, ಬಾಗಿಲು ತೆಗೆಯುವಷ್ಟರಲ್ಲಿ ಎಚ್ಚರ ತಪ್ಪುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಹೀಗೆ ಜೀವ ಹೋದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ, ಅಲ್ವಾ? ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಂಡರೆ ಅದರ ಬೆನ್ನ ಮೇಲಿನ ತಾರೀಕು ನೋಡಿ ಕೊಳ್ಳಿ, ಒಳಗಿನ ಸೆನ್ಸಾರಿಗೆ ಆಯಸ್ಸು ಇರುತ್ತದೆ. ಹೊಗೆ ಅಲಾರಂ ಬೇರೆ, ಇದು ಬೇರೆ.

ಪ್ರಶ್ನೆ: ಮನೆಯಲ್ಲಿ ನಾನು ಮತ್ತು ವಯಸ್ಸಾದ ಅಮ್ಮ ಇಬ್ಬರೇ. ಬಚ್ಚಲ ಒಲೆಗೆ ಬೆಂಕಿ ಹಾಕುವುದು ಅಮ್ಮನ ಕೆಲಸ, ಬೇಡ ಅಂದರೂ ಕೇಳುವುದಿಲ್ಲ. ಈಚೆಗೆ ಕೆಮ್ಮು ಜಾಸ್ತಿ ಆಗಿದೆ. ನನಗೆ ಮಾಡು ಹತ್ತಲು ಆಗುವುದಿಲ್ಲ. ಕೆಳಗಿನಿಂದಲೇ ಏನಾದರೂ ಮಾಡಬಹುದಾ?
— ಶಿರಸಿ ಓದುಗರು

ಮಾಡಬಹುದು. ಹತ್ತಬೇಡಿ ಅಂತಲೇ ನಾನೂ ಹೇಳುತ್ತೇನೆ, ಪಾಚಿ ಹಿಡಿದ ಹಂಚಿನ ಮೇಲೆ ಅಭ್ಯಾಸ ಇದ್ದವರೂ ಜಾರುತ್ತಾರೆ.

ಮೊದಲು ಅಮ್ಮನನ್ನು ಡಾಕ್ಟರಿಗೆ ತೋರಿಸಿ, ಕೆಮ್ಮಿಗೆಲ್ಲ ಒಲೆಯೇ ಕಾರಣ ಅಂತ ತಿಳಿದು ಸುಮ್ಮನಿರಬೇಡಿ. ಆಮೇಲೆ ಅಂಗಳಕ್ಕೆ ಬಂದು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಕೊಳವೆಯ ತಲೆಯ ಫೋಟೋ ನಾಲ್ಕೂ ಕಡೆಯಿಂದ ತೆಗೆಯಿರಿ. ಕಸ ಕಡ್ಡಿ ಚಾಚಿಕೊಂಡಿದೆಯಾ, ಟೋಪಿ ಕುಸಿದಿದೆಯಾ, ತೆಂಗಿನ ಗರಿಯೋ ಹಲಸಿನ ಕೊಂಬೆಯೋ ಬೆಳೆದು ಮೇಲೆ ಬಂದಿದೆಯಾ? ಕೊಂಬೆ ಹತ್ತಿರ ಇದ್ದರೆ ಗಾಳಿ ಅದಕ್ಕೆ ಬಡಿದು ಹೊಗೆಯನ್ನು ಕೆಳಗೆ ದಬ್ಬುತ್ತದೆ. ಒಲೆ ಹಚ್ಚಿದಾಗ ಹೊರಗೆ ನಿಂತು ನೋಡಿ, ತುದಿಯಿಂದ ಹೊಗೆ ಸಲೀಸಾಗಿ ಬರಬೇಕು. ಹಂಚಿನ ಸಂದಿಯಿಂದ ಬರುತ್ತಿದ್ದರೆ ಕೊಳವೆ ಮಾಡಿನ ಒಳಗೇ ಎಲ್ಲೋ ಬಿಟ್ಟುಕೊಂಡಿದೆ. ಅದು ಕಂಡರೆ ಅವತ್ತಿಗೆ ಒಲೆ ಆರಿಸಿ. ಅಡಿಕೆ ದಬ್ಬೆ, ಸೋಗೆ, ಒಣ ಎಲೆ ಅಟ್ಟದ ಮೇಲೆ ಇದ್ದರೆ ಮೊದಲು ಅದನ್ನು ಕೆಳಗೆ ಇಳಿಸಿ.

ಬೂದಿ ತೆಗೆದು, ಬುಡದಿಂದ ಕನ್ನಡಿ ಇಟ್ಟು ನೋಡುವುದನ್ನು ಮೇಲೆ ಬರೆದಿದ್ದೇನೆ, ಅದಕ್ಕೆ ಮಾಡು ಹತ್ತಬೇಕಿಲ್ಲ. ದಾರದ ಬದಲು ನೀವು ಕೆಳಗಿನಿಂದ ಬಾಗುವ ಬಿದಿರ ದಬ್ಬೆ ತೂರಿಸಬಹುದು. ತುದಿಗೆ ಬಿಳಿ ಬಟ್ಟೆ ಸುತ್ತಿ, ದಬ್ಬೆಗೆ ಅಡಿ ಅಡಿಗೆ ಗುರುತು ಹಾಕಿ. ತಡೆದ ಜಾಗದಲ್ಲಿ ಒತ್ತಬೇಡಿ, ಗುರುತು ನೋಡಿಕೊಂಡು ವಾಪಸ್ ಎಳೆಯಿರಿ.

ನಾಳೆ ಬೆಳಿಗ್ಗೆ ಅಮ್ಮ ಒಲೆ ಮುಂದೆ ಕೂರುವ ಮೊದಲು ಒಂದು ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿಯಿರಿ. ಹೊಗೆ ಒಳಗೆ ಹೋಯಿತೋ, ಹೊರಗೆ ಬಂತೋ, ದಬ್ಬೆ ಎಷ್ಟನೇ ಅಡಿಗೆ ತಡೆಯಿತು, ಬಟ್ಟೆಗೆ ಏನು ಅಂಟಿತ್ತು, ಇಷ್ಟನ್ನು ಬರೆದು ಫೋಟೋಗಳ ಜೊತೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮುಂದಿನ ತಿಂಗಳವರೆಗೆ ಕಾಯಿಸುವುದಿಲ್ಲ, ನಿಮಗೆ ನೇರವಾಗಿಯೇ ಉತ್ತರ ಬರೆಯುತ್ತೇನೆ.